ಸೀತಾಳೆ ದಂಡೆ

ಮುಂಗಾರಿನ ಮೊದಲ ಮಳೆಗಳು ಬೀಳುವ ವೇಳೆಗೆ, ಮಲೆನಾಡಿನ ಹಳೆಯ ಮಾವು ಹಲಸುಗಳ ಕೊಂಬೆಗಳಿಂದ ಮೊಳದುದ್ದದ ಹೂಗೊಂಚಲುಗಳು ಜೋಲಾಡುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಬಿಳಿಯ ಎಸಳುಗಳ ಮೇಲೆ ನಸುನೇರಿಳೆಯ ಚುಕ್ಕೆಗಳು. ಒಂದೊಂದು ಗೊಂಚಲಿನಲ್ಲಿ ನೂರಕ್ಕೂ ಮಿಕ್ಕಿ ಹೂಗಳಿರುವುದುಂಟು. ನೆಯ್ದ ಮಾಲೆಯಂತೆಯೇ ತೋರುವ ಇದಕ್ಕೆ ನಮ್ಮ ಜನ ಸೀತಾಳೆ ದಂಡೆಯೆಂದು ಹೆಸರಿಟ್ಟಿದ್ದಾರೆ. ಆಂಗ್ಲರ ಕಣ್ಣಿಗೆ ಇದು ನರಿಯ ಬಾಲವಾಗಿ ಕಂಡಿತು. ನಮ್ಮ ಹೆಸರೇ ಮೇಲೆಂದು ನಾವು ಹೇಳಿದರೆ ಅದು ಪಕ್ಷಪಾತವಾಗಲಾರದು. ಅಸ್ಸಾಮಿನಲ್ಲಿ ಇದು ಕಪೌ ಫೂಲ್. ಬಿಹು ಹಬ್ಬದಲ್ಲಿ ಕುಣಿಯುವ ತರುಣಿಯರು ಇದನ್ನು ಮುಡಿಯುತ್ತಾರೆ. ಆ ರಾಜ್ಯದ ಲಾಂಛನಪುಷ್ಪವೂ ಇದೇ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ಮೊದಲನೆಯ ಪದ ಹೂವಿನ ನಡುವಣ ಕೊಕ್ಕಿನಂತಹ ಕಂಬವನ್ನೂ, ಎರಡನೆಯದು ಎಲೆಯ ಮೊಂಡು ತುದಿಯನ್ನೂ ಸೂಚಿಸುತ್ತವೆ. 1753ರಲ್ಲಿ ಲಿನೀಯಸನು ಇದನ್ನು ಬೇರೊಂದು ಜಾತಿಯಲ್ಲಿ ಸೇರಿಸಿದ್ದನು. ಈಗಿನ ಜಾತಿಯನ್ನು ಬ್ಲೂಮ್ ಎಂಬ ವಿಜ್ಞಾನಿಯು 1825ರಲ್ಲಿ ರಚಿಸಿದನು.

ಮರದ ಮೇಲೆ ಬೆಳೆಯುವುದರಿಂದ ಇದನ್ನು ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವವರಿದ್ದಾರೆ. ಇದು ದೊಡ್ಡ ತಪ್ಪು. ಬಂದಳಿಕೆಯು ತನ್ನ ಬೇರನ್ನು ಮರದೊಳಕ್ಕೆ ನುಗ್ಗಿಸಿ ರಸವನ್ನು ಹೀರುತ್ತದೆ. ಸೀತಾಳೆಯಾದರೋ ತೊಗಟೆಯನ್ನು ಅಪ್ಪಿಕೊಂಡಿರುವುದೇ ಹೊರತು ಮರದಿಂದ ಒಂದು ತೊಟ್ಟು ರಸವನ್ನೂ ಪಡೆಯುವುದಿಲ್ಲ. ಹಾಗಾದರೆ ಇದು ಬದುಕುವುದು ಹೇಗೆ?

ಉತ್ತರವು ಬೇರಿನಲ್ಲಿದೆ. ಹೆಬ್ಬೆರಳಿಗಿಂತ ತೆಳುವಾದ, ಆದರೆ ಹುಲ್ಲಿನ ಬೇರಿಗಿಂತ ಎಷ್ಟೋ ದಪ್ಪನಾದ ಈ ಬೇರುಗಳು ಒಣಗಿದ್ದಾಗ ಬೆಳ್ಳಗಿರುತ್ತವೆ. ನೀರು ಚಿಮುಕಿಸಿ ನೋಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಅವು ಹಸಿರಾಗುತ್ತವೆ! ಬೇರಿನ ಸುತ್ತ ಸತ್ತ ಕೋಶಗಳ ಹೊದಿಕೆಯೊಂದಿದೆ. ಅದಕ್ಕೆ ವೆಲಾಮೆನ್ ಎಂದು ಹೆಸರು. ಒಣಗಿದಾಗ ಈ ಕೋಶಗಳಲ್ಲಿ ಗಾಳಿ ತುಂಬಿ ಬೆಳಕನ್ನು ಚದರಿಸುವುದರಿಂದ ಬಿಳುಪು ಕಾಣುತ್ತದೆ. ಮಳೆ ಬಿದ್ದೊಡನೆ ಹೊದಿಕೆಯು ನೀರನ್ನೂ, ಅದರಲ್ಲಿ ಕರಗಿದ ಲವಣಗಳನ್ನೂ ಹೀರಿ ಪಾರದರ್ಶಕವಾಗುವುದು. ಒಳಗಿನ ಹಸಿರು ಆಗ ಹೊರಗೆ ತೋರುವುದು. ಆ ಹಸಿರು ಪತ್ರಹರಿತ್ತೇ ಆದುದರಿಂದ ಬೇರು ಕೂಡ ಎಲೆಯಂತೆ ಆಹಾರವನ್ನು ತಯಾರಿಸಬಲ್ಲುದು.

ಬೀಜದ ಕಥೆ ಇನ್ನೂ ವಿಚಿತ್ರ. ಕಾಯಿ ಬಿರಿದಾಗ ಹಾರುವ ಬೀಜಗಳು ಧೂಳಿನಷ್ಟು ಸಣ್ಣವು. ಮೊಳೆಗೆ ಬೇಕಾದ ಆಹಾರದ ಗಂಟು ಅವುಗಳಲ್ಲಿಲ್ಲ. ತೊಗಟೆಯ ಮೇಲಿನ ಒಂದು ಬಗೆಯ ಶಿಲೀಂಧ್ರವು ಬೀಜವನ್ನು ಹೊಕ್ಕು ಪೋಷಿಸಿದರೆ ಮಾತ್ರ ಕಾಡಿನಲ್ಲಿ ಅದು ಮೊಳೆಯುವುದು. ಆರ್ಕಿಡ್‌ಗಳ ಈ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದನು. ಸಕ್ಕರೆ ಬೆರೆಸಿದ ಅಗರ್ ಲೋಳೆಯಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯುವುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದನು. ಇಂದು ಸಸ್ಯೋದ್ಯಾನಗಳು ಸಾವಿರಾರು ಸಸಿಗಳನ್ನು ಸೀಸೆಗಳಲ್ಲಿ ಎಬ್ಬಿಸುವುದು ಈ ದಾರಿಯಿಂದಲೇ.

ಹೀಗಿರುವಾಗ ಕಾಡಿನ ಗಿಡವನ್ನು ಕೀಳುವುದಕ್ಕೆ ಯಾವ ನೆಪವೂ ಇಲ್ಲ. ಕೀಳುವಾಗ ಬೇರುಗಳು ಮುರಿದು ಗಿಡ ಸೊರಗುತ್ತದೆ. ಕಾಡಿನಲ್ಲಿ ಅದರ ಸ್ಥಾನವನ್ನು ತುಂಬುವ ಸಸಿ ಹೂ ಬಿಡಲು ಹಲವು ವರ್ಷಗಳೇ ಬೇಕು. 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಆರ್ಕಿಡ್ ಕುಟುಂಬದ ವ್ಯಾಪಾರವನ್ನು ನಿಯಂತ್ರಿಸುತ್ತದೆ. ಬೀಜದಿಂದ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳತಕ್ಕದ್ದು. ಗಾಳಿಗೆ ಮುರಿದುಬಿದ್ದ ಕೊಂಬೆಯ ಗಿಡವೊಂದನ್ನು ನಾವೊಮ್ಮೆ ಕರುಣೆಯಿಂದ ತಂದು, ಗೊಬ್ಬರದ ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟೆವು. ಬೇರು ಕೊಳೆತು ಅದು ಸತ್ತಿತು. ಇದಕ್ಕೆ ಮಣ್ಣೇ ಶತ್ರು.

ಮರದ ಪಟ್ಟಿಗಳಿಂದ ಮಾಡಿದ ಸಂದುಗಳುಳ್ಳ ಬುಟ್ಟಿಯಲ್ಲಿ ಇದ್ದಿಲಿನ ದಪ್ಪ ತುಂಡುಗಳನ್ನೂ ಹೆಂಚಿನ ಚೂರುಗಳನ್ನೂ ಸಡಿಲವಾಗಿ ಹಾಕಿ ಗಿಡವನ್ನು ಕೂರಿಸಬೇಕು. ಬೇರುಗಳು ಹೊರಗೆ ಜೋತುಬಿದ್ದರೆ ಬಿಡಬೇಕು. ಹಿತ್ತಿಲಲ್ಲಿ ಮಾವಿನ ಮರವಿದ್ದರೆ ಇನ್ನೂ ಲೇಸು: ಮಳೆಗಾಲದ ಮೊದಲಲ್ಲಿ ಒರಟು ತೊಗಟೆಯ ಮೇಲೆ ತೆಂಗಿನ ನಾರಿನ ಸ್ವಲ್ಪ ಮೆತ್ತೆಯಿಟ್ಟು, ಗಿಡವು ಅಲುಗಾಡದಂತೆ ಹಗ್ಗದಿಂದ ಕಟ್ಟಬೇಕು. ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಕು ಹಿತ. ನಡುಹಗಲಿನ ಬಿಸಿಲು ಎಲೆಯನ್ನು ಸುಡುವುದು, ಕಡುನೆರಳಿನಲ್ಲಿ ಹೂವೇ ಬಾರದು. ಬೇಸಿಗೆಯಲ್ಲಿ ಪ್ರತಿದಿನ ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಕೊಡಬೇಕು. ಬಯಲುಸೀಮೆಯ ಒಣಗಾಳಿಯಲ್ಲಿ ಸಂಜೆಗೂ ಬೇರುಗಳ ಮೇಲೆ ಚಿಮುಕಿಸಬಹುದು. ಎಲೆಗಳ ನಡುವಣ ಸುಳಿಯಲ್ಲಿ ಮಾತ್ರ ರಾತ್ರಿ ನೀರು ನಿಲ್ಲಬಾರದು, ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ. ಚಳಿಗಾಲದಲ್ಲಿ ನೀರನ್ನು ತಗ್ಗಿಸಬೇಕು. ಗೊಬ್ಬರವನ್ನು ಬಹಳ ತೆಳುವಾಗಿ ಕರಗಿಸಿ, ಹೊಸ ಬೇರು ಎಲೆಗಳು ಹೊರಡುವ ದಿನಗಳಲ್ಲಿ ಮಾತ್ರ ಕೊಟ್ಟರೆ ಸಾಕು.

ಸ್ಥಳ ಬದಲಾದ ವರ್ಷ ಗಿಡವು ಮುನಿಸಿಕೊಂಡಂತೆ ಸುಮ್ಮನಿರುವುದುಂಟು. ಆಗ ಬಿಚ್ಚಿ ನೋಡುವ ಚಪಲ ಬೇಡ. ಬೇರಿನ ತುದಿಗಳು ಹಸಿರಾಗಿ ಹೊಳೆಯುತ್ತಾ ತೊಗಟೆಯ ಮೇಲೆ ಹರಿಯತೊಡಗಿದರೆ ಗಿಡ ನೆಲೆಯೂರಿತೆಂದೇ ತಿಳಿಯಬಹುದು. ದಂಡೆಯು ಎಲೆಯ ಕಂಕುಳಿನಿಂದ ಹೊರಡುವುದು ಅದರ ಮೇಲೆಯೇ.