ಕೂಡಿ ಕೇಳಿದವರಿಗೆ ಕೂಲಿ: ಕೊರೊನಾ ಕಾಲ ಕಲಿಸಿದ ಪಾಠ



ಭಾತಂಬ್ರಾ ಸುತ್ತಿನ ನಮ್ಮ ಒಕ್ಕಲುತನ ಮಳೆಯನ್ನು ನಂಬಿದ್ದು. ಮುಂಗಾರಿಗೆ ಉದ್ದು, ಹೆಸರು, ಸೋಯಾ, ತೊಗರಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ಇವು ಮನೆ ಸೇರಿದ ಮೇಲೆ ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಹೊಲದಲ್ಲಿ ಕೈತುಂಬ ಕೆಲಸ ಇರುವುದಿಲ್ಲ. ಆದ್ದರಿಂದಲೇ ಭಾಲ್ಕಿ, ಔರಾದ ತಾಲ್ಲೂಕುಗಳ ಎಷ್ಟೋ ಮನೆಗಳಿಂದ ಜನ ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ.

2020ರ ಯುಗಾದಿಯ ದಿನವೇ, ಅಂದರೆ ಮಾರ್ಚ್ 25ರಂದು, ದೇಶಕ್ಕೆಲ್ಲ ಲಾಕ್‌ಡೌನ್ ಬಿತ್ತು. ಪಟ್ಟಣದ ಕೆಲಸ ನಿಂತಿತು, ಬಸ್ಸು ರೈಲು ನಿಂತವು. ಹೋದವರು ಗಂಟುಮೂಟೆ ಹೊತ್ತು ಊರಿಗೆ ಮರಳಿದರು. ಬಂದವರಿಗೆ ಕೆಲಸವಿಲ್ಲ, ಊರಲ್ಲಿದ್ದವರಿಗೆ ರೋಗದ ಭಯ. ಅಂಥ ಹೊತ್ತಿನಲ್ಲಿ ಕೂಲಿಕಾರರು ಹೇಗೆ ಒಂದಾದರು, ಅದರಿಂದ ರೈತರಾದ ನಾವು ಕಲಿಯತಕ್ಕದ್ದೇನು ಎಂಬುದನ್ನು ಈ ವಾರ ನೋಡೋಣ.

ಕೆಲಸ ಸಿಕ್ಕಿದ್ದು ಹೇಗೆ?

ಮಹಾತ್ಮಾ ಗಾಂಧಿ ಉದ್ಯೋಗ ಖಾತ್ರಿ ಕೆಲಸಕ್ಕೆ 2020ರ ಏಪ್ರಿಲ್ 20ರಿಂದ ಅನುಮತಿ ಸಿಕ್ಕಿತು. ಅಂತರ ಕಾಯಬೇಕು, ಬಾಯಿ ಮೂಗು ಮುಚ್ಚಿಕೊಳ್ಳಬೇಕು, ನೀರಾವರಿ ಮತ್ತು ನೀರು ಇಂಗಿಸುವ ಕೆಲಸಗಳಿಗೆ ಮೊದಲ ಸ್ಥಾನ ಎಂಬ ನಿಯಮವಿತ್ತು. ನಮ್ಮ ರಾಜ್ಯದಲ್ಲಿ ದಿನಗೂಲಿ 249 ರೂಪಾಯಿಯಿಂದ 275 ರೂಪಾಯಿಗೆ ಏರಿತ್ತು. ಮೇ ತಿಂಗಳಲ್ಲಿ ಕೇಂದ್ರವು ಈ ಯೋಜನೆಗೆ ಇನ್ನೂ 40,000 ಕೋಟಿ ರೂಪಾಯಿ ಘೋಷಿಸಿತು.

ಆದರೆ ಹಣ ಬಂದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಆ ಕಾಯ್ದೆಯಲ್ಲಿ ಕೆಲಸ ಕೇಳಿದವರಿಗೆ ಸಿಗುತ್ತಿತ್ತು. ನಮೂನೆ 6ರ ಅರ್ಜಿ ಕೊಟ್ಟು ತಾರೀಖು ಹಾಕಿದ ರಸೀದಿ ಪಡೆದರೆ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದ ನಿರುದ್ಯೋಗ ಭತ್ಯೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದ ಭತ್ಯೆ. ಒಬ್ಬನೇ ಹೋಗಿ ಬಾಯಿಮಾತಿನಲ್ಲಿ ಕೇಳಿದವನಿಗೆ "ನಾಳೆ ಬಾ" ಎನ್ನುವುದು ಸುಲಭ. ಹದಿನೈದು ಜನ ಕೂಡಿ ಬರೆದುಕೊಟ್ಟು ರಸೀದಿ ಕೇಳಿದರೆ ಹಾಗೆನ್ನಲು ಬಾರದು. ರಾಯಚೂರು, ಬೆಳಗಾವಿ ಜಿಲ್ಲೆಗಳಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯವರು, ಅಂದರೆ ಗ್ರಾಕೂಸ್‌ನವರು, ಹಳ್ಳಿಯ ಹೆಣ್ಣುಮಕ್ಕಳಿಗೆ ಕಲಿಸಿದ್ದು ಇದನ್ನೇ.

ನಾಡಿನ ಬೇರೆ ಕಡೆ

ಕೂಡಿದ ಬಲ ಬೇರೆ ಕಡೆಯೂ ಕಂಡಿತು. 2020ರ ಮೇ ಮೊದಲ ವಾರದಲ್ಲಿ, ಕಟ್ಟಡ ಉದ್ಯಮಿಗಳ ಸಭೆಯ ಬಳಿಕ, ರಾಜ್ಯ ಸರಕಾರವು ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಿತು. ಕಾರ್ಮಿಕ ಸಂಘಟನೆಗಳೂ ಸಾರ್ವಜನಿಕರೂ ಬಲವಾಗಿ ವಿರೋಧಿಸಿದ್ದರಿಂದ ಕೆಲವೇ ದಿನಗಳಲ್ಲಿ ಅವು ಮತ್ತೆ ಓಡಿದವು. ಮೇ 22ರಂದು ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ತಾಸಿಗೆ ಏರಿಸುವ ಆದೇಶ ಹೊರಟಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಜೂನ್ 11ರಂದು ಹಿಂದಕ್ಕೆ ಪಡೆಯಲಾಯಿತು.

ನಮ್ಮ ಮನೆ ಬಾಗಿಲಿಗೆ ಬಂದು ಜ್ವರ, ಕೆಮ್ಮು ವಿಚಾರಿಸಿದ ಆಶಾ ಕಾರ್ಯಕರ್ತೆಯರನ್ನು ನೆನೆಯಿರಿ. ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಬೇಕೆಂದು ರಾಜ್ಯದ ಸುಮಾರು 42,000 ಜನ ಜುಲೈ 10ರಿಂದ ಕೆಲಸ ನಿಲ್ಲಿಸಿ ಹೋರಾಡಿದರು. ಕೇಳಿದ್ದೆಲ್ಲ ಒಮ್ಮೆಲೇ ಸಿಗಲಿಲ್ಲ. ಆದರೆ ರೋಗದ ಮುಂದೆ ನಿಂತವರ ಕೂಲಿ ಎಷ್ಟು ಅಲ್ಪ ಎಂಬುದು ಇಡೀ ನಾಡಿಗೆ ತಿಳಿಯಿತು.

ರೈತನಿಗೇನು ಲಾಭ?

"ಖಾತ್ರಿ ಕೆಲಸ ಬಂದು ಆಳು ಸಿಗದಂತಾಯಿತು" ಎಂದು ಕೆಲವರು ದೂರುವುದುಂಟು. ಸೋಯಾ ಕಳೆ ತೆಗೆಯುವ ಹೊತ್ತಿಗೆ ಆಳು ಬಾರದಿದ್ದರೆ ಕಷ್ಟವೆಂಬುದು ನಿಜ. ಆದರೂ ವಿಚಾರ ಮಾಡಿರಿ. ಎರಡು ಎಕರೆಯವನು ವರ್ಷದ ಅರ್ಧ ರೈತ, ಇನ್ನರ್ಧ ಕೂಲಿಕಾರ. ಅವನಿಗೆ ಬೇಸಿಗೆಯಲ್ಲಿ ಊರಲ್ಲೇ ಕೂಲಿ ಸಿಕ್ಕರೆ ಬೀಜ ಗೊಬ್ಬರಕ್ಕೆ ಸಾಲ ತೆಗೆಯುವುದು ತಪ್ಪುತ್ತದೆ. ಮುಂಗಾರಿಗೆ ಅವನು ಪುಣೆಯಲ್ಲಿರದೆ ನಿಮ್ಮ ಹೊಲದ ಬದಿಯಲ್ಲೇ ಇರುತ್ತಾನೆ. ಅವನು ಹಾಕಿದ ಬದು, ತೋಡಿದ ಕೃಷಿಹೊಂಡ ನಿಮ್ಮ ಮಣ್ಣನ್ನೂ ನೀರನ್ನೂ ಹಿಡಿದಿಡುತ್ತದೆ.

ಮುಯ್ಯಾಳು ಪದ್ಧತಿ ನಮಗೆ ಹೊಸದಲ್ಲ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಕಾರರ ಒಗ್ಗಟ್ಟು ಅದೇ ಬೇರಿನ ಇನ್ನೊಂದು ಚಿಗುರು. ಬಸವಕಲ್ಯಾಣ ಇರುವ ಜಿಲ್ಲೆಯವರಿಗೆ ಕಾಯಕದ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಈಗ ಮಾಡಬೇಕಾದದ್ದು

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಉದ್ಯೋಗ ಖಾತ್ರಿ ಕಾಯ್ದೆಯ ಬದಲಿಗೆ ಹೊಸದನ್ನು ಅಂಗೀಕರಿಸಿದೆ. ಅದರಲ್ಲಿ ವರ್ಷಕ್ಕೆ 100 ದಿನದ ಬದಲು 125 ದಿನದ ಮಾತಿದೆ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಇದೆ. ಕಾಯ್ದೆ ಯಾವುದಿದ್ದರೂ ಈ ಕೆಳಗಿನವುಗಳನ್ನು ಮರೆಯಬಾರದು:

1. ಓಣಿಗೊಂದು ಹತ್ತು ಹದಿನೈದು ಜನರ ಗುಂಪು ಮಾಡಿಕೊಳ್ಳಿರಿ. ಹೆಣ್ಣುಮಕ್ಕಳೂ ಅದರಲ್ಲಿರಲಿ, ಲೆಕ್ಕ ಬರೆಯಬಲ್ಲ ಒಬ್ಬರಿರಲಿ.

2. ಕೆಲಸವನ್ನು ಬರವಣಿಗೆಯಲ್ಲೇ ಕೇಳಿರಿ. ತಾರೀಖು ಹಾಕಿದ ರಸೀದಿ ಇಲ್ಲದೆ ಪಂಚಾಯತಿ ಕಚೇರಿ ಬಿಡಬೇಡಿರಿ.

3. ದಿನದ ಹಾಜರಿ, ಅಗೆದ ಮಣ್ಣಿನ ಅಳತೆಗಳನ್ನು ನಿಮ್ಮದೇ ವಹಿಯಲ್ಲೂ ಬರೆದಿಡಿರಿ.

4. ಹೊರಗೆ ದುಡಿಯಲು ಹೋಗುವವರ ಹೆಸರು, ಹೋದ ಊರು, ಮುಕಾದಮನ ಫೋನು ಗುಂಪಿನ ವಹಿಯಲ್ಲಿರಲಿ. 2020ರಲ್ಲಿ ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆಂದು ತಿಳಿಯುವುದೇ ಅನೇಕ ಮನೆಗಳಿಗೆ ದೊಡ್ಡ ಚಿಂತೆಯಾಗಿತ್ತು.

5. ಕಳೆ, ಕೊಯ್ಲಿನ ದಿನಗಳನ್ನೂ ಕೂಲಿಯನ್ನೂ ರೈತರು ಮತ್ತು ಕೂಲಿಕಾರರು ಮುಂಗಾರಿಗೆ ಮೊದಲೇ ಕೂತು ಗೊತ್ತುಮಾಡಿಕೊಳ್ಳಿರಿ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದಾರೆ. ರೋಗವಾಗಲಿ ಬರವಾಗಲಿ ಹೇಳಿ ಕೇಳಿ ಬರುವುದಿಲ್ಲ. ಬಂದ ದಿನ ಗುಂಪು ಕಟ್ಟುತ್ತೇವೆಂದರೆ ತಡವಾಗುತ್ತದೆ. ಹೊಲದಲ್ಲಿ ಕೆಲಸ ಕಡಿಮೆಯಿರುವಾಗಲೇ ಒಂದು ಸಂಜೆ ಕಟ್ಟೆಯ ಮೇಲೆ ಸೇರಿ ಹೆಸರು ಬರೆದುಕೊಳ್ಳಿರಿ.