ಒತ್ತೆಯಾದ ಮಕ್ಕಳು, ದಂಡಾದ ಹಲಸೂರು

ಇಂದಿನ ಶಿವಾಜಿನಗರ, ಹಲಸೂರುಗಳನ್ನು ಒಳಗೊಂಡ ಬೆಂಗಳೂರಿನ ‘ದಂಡು’, ಅಂದರೆ ಸೈನ್ಯ ಬೀಡುಬಿಟ್ಟ ನೆಲೆ, ಹುಟ್ಟಿದ್ದು ಆಕ್ರಮಣದ ಫಲವಾಗಿ. ಅದರ ಬೆಲೆ ತೆತ್ತವರಲ್ಲಿ ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳೂ ಇದ್ದರು. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯು ಕೋಲಾರ, ಹೊಸಕೋಟೆಗಳನ್ನು ದಾಟಿ ಇಂದಿನ ಕೆ.ಆರ್. ಪುರದ ದಿಕ್ಕಿನಿಂದ ಬಂದು, 7ರಂದು ಬೆಂಗಳೂರಿನ ಪೇಟೆಯನ್ನೂ 21ರ ರಾತ್ರಿ ಕೋಟೆಯನ್ನೂ ವಶಪಡಿಸಿಕೊಂಡಿತು; ಕಿಲ್ಲೇದಾರ, ಎಂದರೆ ಕೋಟೆಯ ಅಧಿಕಾರಿ, ಬಹಾದುರ್ ಖಾನ್ ಹೋರಾಡುತ್ತಲೇ ಮಡಿದನು. ಆ ಯುದ್ಧವನ್ನು ಕೊನೆಗೊಳಿಸಿದ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕಳೆದುಕೊಂಡ ಟಿಪ್ಪು, ಹಣ ಸಂದಾಯವಾಗುವವರೆಗೆ ಸುಮಾರು 10 ವರ್ಷದ ಅಬ್ದುಲ್ ಖಾಲಿಕ್ ಮತ್ತು 8 ವರ್ಷದ ಮುಯಿಜುದ್ದೀನ್‌ರನ್ನು ಒತ್ತೆಯಾಳುಗಳಾಗಿ, ಎಂದರೆ ಕರಾರಿನ ಜೀವಂತ ಜಾಮೀನಾಗಿ, ಒಪ್ಪಿಸಬೇಕಾಯಿತು. ಚಿತ್ರಕಾರ ರಾಬರ್ಟ್ ಹೋಮ್ ಈ ಹಸ್ತಾಂತರವನ್ನು ಕಾರ್ನ್‌ವಾಲಿಸನ ವಾತ್ಸಲ್ಯದ ದೃಶ್ಯವಾಗಿ ಬಿಡಿಸಿದನಾದರೂ, ಮಕ್ಕಳನ್ನು ಸಾಲಕ್ಕೆ ಅಡವಿಡಿಸಿಕೊಂಡ ಕೃತ್ಯಕ್ಕೆ ಆ ಹೆಸರು ಸಲ್ಲದು. 1794ರಲ್ಲಿ ತಂದೆಯ ಬಳಿಗೆ ಮರಳಿದ ಇಬ್ಬರೂ, 1799ರ ಮೇ 4ರಂದು ಟಿಪ್ಪು ಹತನಾದಾಗ ಹದಿಹರೆಯದಲ್ಲೇ ಮತ್ತೆ ಕಂಪನಿಯ ಕೈಸೇರಿ, ವೆಲ್ಲೂರು ಕೋಟೆಗೂ, ಅಲ್ಲಿನ 1806ರ ಸಿಪಾಯಿ ದಂಗೆಯ ಬಳಿಕ ದೂರದ ಕಲ್ಕತ್ತೆಗೂ ಸಾಗಿಸಲ್ಪಟ್ಟರು. ಇತ್ತ, ಟಿಪ್ಪುವಿನ ಪತನದ ಬಳಿಕ ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ 1809ರಲ್ಲಿ ಹಲಸೂರಿನ ಬಳಿಗೆ ಬಂದು ದಂಡನ್ನು ಕಟ್ಟಿತು.