ಯಾರ ಹೆಸರಿಗೆ ಬಾಕಿ?

ಕಳೆದ ವರ್ಷ ನಮ್ಮ ಪತ್ರಿಕೆಯಿಂದ ಒಂದು ಪ್ರಮಾದ ಜರುಗಿತು. ಡೊಂಬಿವಲಿಯ ಕನ್ನಡಿಗ ಕುಟುಂಬವೊಂದು ತಮ್ಮ ಹಿರಿಯರ ನಿಧನವಾರ್ತೆಯನ್ನೂ ಉತ್ತರಕ್ರಿಯೆಯ ದಿನ, ಸ್ಥಳಗಳನ್ನೂ ಬರೆದು ಕಳುಹಿಸಿತ್ತು. ಬಂದುದನ್ನು ನಾಲ್ವರು ಕಂಡರು. ಜಾಹೀರಾತು ವಿಭಾಗದವರು ಅದು ಸಂಪಾದಕ ವರ್ಗಕ್ಕೆ ಸೇರಿದ್ದೆಂದು ಬಗೆದರು. ಉಪಸಂಪಾದಕರು ಅದಾಗಲೇ ಪುಟಕ್ಕೆ ಹೋಗಿದೆಯೆಂದು ತಿಳಿದರು. ನಾವಂತೂ “ಯಾರಾದರೂ ನೋಡಿಕೊಳ್ಳಿರಿ” ಎಂದು ಹೇಳಿ ಚಹಾಕ್ಕೆ ಎದ್ದೆವು. ವಾರ್ತೆ ಅಚ್ಚಾದುದು ಸಮಾರಾಧನೆ ಮುಗಿದ ಮೂರನೆಯ ದಿನ. ಪತ್ರಿಕೆಯನ್ನೇ ನಂಬಿದ್ದ ಹಳೆಯ ಸ್ನೇಹಿತರು ಅಂದು ಬರಲಿಲ್ಲ. ಮನೆಯವರು ನಮ್ಮನ್ನು ಬೈಯಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಹೀಗಾಗುತ್ತಿರಲಿಲ್ಲ. ಮಾಣಿ ಬರೆದ ಚೀಟಿ ಅಡಿಗೆಮನೆಯ ಮೊಳೆಯಲ್ಲಿ ಇರುವವರೆಗೆ ಆ ದೋಸೆ ಬಾಕಿ. ಚೀಟಿಯಲ್ಲಿ ಮೇಜಿನ ಅಂಕಿಯೂ ಇತ್ತು, ಮಾಣಿಯ ಅಂಕಿಯೂ ಇತ್ತು. ಗಲ್ಲೆಯ ಮೇಲೆ ಕುಳಿತೇ ಯಾರ ಪಾಲಿಗೆ ಏನು ಉಳಿದಿದೆಯೆಂದು ಹೇಳಬಹುದಿತ್ತು. ಪತ್ರಿಕಾ ಕಚೇರಿಯಲ್ಲಿ ಮೊಳೆ ಇರಲಿಲ್ಲ.

ಈ ಸಂಗತಿಯನ್ನು ಕೇಳಿದ ನಮ್ಮ ಓದುಗರಲ್ಲೊಬ್ಬರು, ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತರುಣರು, ಒಂದು ಭಾನುವಾರ ಬಂದು ನಮ್ಮ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ‘ಬಗ್‌ಜಿಲ್ಲಾ’ ಎಂಬ ತಂತ್ರಾಂಶವನ್ನು ಕೂಡಿಸಿಕೊಟ್ಟರು. ಅದಕ್ಕೆ ಬೆಲೆಯಿಲ್ಲ. 1998ರಲ್ಲಿ ಅಮೆರಿಕೆಯ ಮೊಜಿಲ್ಲಾ ಯೋಜನೆಗಾಗಿ ಟೆರ್ರಿ ವೈಸ್‌ಮನ್ ಎಂಬವರು ಇದನ್ನು ರಚಿಸಿದರು. ತಂತ್ರಾಂಶಗಳಲ್ಲಿನ ದೋಷಗಳನ್ನು, ಅಂದರೆ ‘ಬಗ್’ಗಳನ್ನು, ದಾಖಲಿಸಿ ಒಬ್ಬೊಬ್ಬರಿಗೆ ಹಂಚಿಕೊಡುವುದು ಇದರ ಮೂಲ ಉದ್ದೇಶ. ಆದುದರಿಂದ ಇದರ ಕಣ್ಣಿಗೆ ಎಲ್ಲವೂ ಬಗ್ಗೇ. ನಮ್ಮಲ್ಲಿ ವಧೂವರರ ಜಾಹೀರಾತೂ ಬಗ್, ಸಂಘದ ವಾರ್ಷಿಕೋತ್ಸವದ ವರದಿಯೂ ಬಗ್. ನಿಧನವಾರ್ತೆಯನ್ನು ಹಾಗೆ ಕರೆಯಲು ಮೊದಮೊದಲು ಮನಸ್ಸು ಒಪ್ಪಲಿಲ್ಲ.

ಇದರ ಮುಖ್ಯ ಕಟ್ಟಳೆ ಸರಳವಾದುದು. ಒಂದು ಕೆಲಸ ಒಂದು ಸಮಯಕ್ಕೆ ಒಬ್ಬರ ಹೆಸರಿಗೆ ಮಾತ್ರ. ‘ಮೈ ಬಗ್ಸ್’ ಎಂಬ ಕೊಂಡಿಯನ್ನು ಒತ್ತಿದೊಡನೆ ನಮ್ಮ ಹೆಸರಿಗೆ ವಹಿಸಿರುವ, ಇನ್ನೂ ಮುಗಿಯದ ಕೆಲಸಗಳೆಲ್ಲ ಸಾಲಾಗಿ ಬರುತ್ತವೆ. ಅವುಗಳೊಡನೆ ನಾವು ದಾಖಲಿಸಿ ಇತರರಿಗೆ ವಹಿಸಿ, ಇನ್ನೂ ಬಾಕಿಯಿರುವವೂ ಬರುತ್ತವೆ. ಕೊಡತಕ್ಕದ್ದೂ ಬರತಕ್ಕದ್ದೂ ಒಂದೇ ಪುಟದಲ್ಲಿ! ವ್ಯಾಪಾರ ಮಾಡಿದವರಿಗೆ ಇದಕ್ಕಿಂತ ಇಷ್ಟವಾದ ಲೆಕ್ಕ ಬೇರೆ ಇಲ್ಲ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಸಂಸ್ಥೆ 2002ರಲ್ಲಿ ತಂದ ‘ಜಿರಾ’ದಲ್ಲಿಯೂ ರೂಢಿಯಂತೆ ಒಂದು ಕೆಲಸಕ್ಕೆ ಒಬ್ಬನೇ ಹೊಣೆಗಾರ. ‘ಗಿಟ್‌ಹಬ್’ ಎಂಬಲ್ಲಿ ಒಂದೇ ಕೆಲಸವನ್ನು ಹತ್ತು ಮಂದಿಯವರೆಗೆ ವಹಿಸಬಹುದಂತೆ. ಅದು ನಮಗೆ ಸರಿಬೀಳಲಿಲ್ಲ. ನಾಲ್ವರು ಕಂಡ ಚೀಟಿಯ ಗತಿ ಏನಾಯಿತೆಂದು ನಾವು ಬಲ್ಲೆವು.

ನಮಗೆ ಅತಿ ಮೆಚ್ಚುಗೆಯಾದುದು ಇದರ ಗೊಣಗಾಟ. ಹೊಸದಾಗಿ ಬಂದ ಕೆಲಸವನ್ನು ಏಳು ದಿನ ಯಾರೂ ಮುಟ್ಟದಿದ್ದರೆ ಹೊಣೆಗಾರರಿಗೆ ತಾನಾಗಿ ಇ-ಮೇಲ್ ಹೋಗುವಂತೆ ಏರ್ಪಾಡು ಮಾಡಬಹುದು. ರಚಿಸಿದವರೇ ಇದಕ್ಕೆ ‘ವೈನಿಂಗ್’, ಎಂದರೆ ಗೊಣಗುವುದು, ಎಂದು ಹೆಸರಿಟ್ಟಿದ್ದಾರೆ. ದಿನಪತ್ರಿಕೆಗೆ ಏಳು ದಿನ ಒಂದು ಯುಗ. ಆ ಅಂಕಿಯನ್ನು ಬದಲಿಸಬಹುದಾದುದರಿಂದ ನಾವು ಒಂದು ದಿನವೆಂದು ಇಟ್ಟುಕೊಂಡೆವು. ಈಗ ಮ್ಯಾನೇಜರರ ಬದಲು ಯಂತ್ರವೇ ಗೊಣಗುತ್ತದೆ, ಯಾರಿಗೂ ಯಾರ ಮೇಲೂ ಮುನಿಸಿಲ್ಲ.

ಎಲ್ಲವೂ ಸುಸೂತ್ರವೆಂದು ಮಾತ್ರ ಭಾವಿಸಬಾರದು. ಕೆಲಸ ಮಾಡದೆಯೇ ‘ರಿಸಾಲ್ವ್ಡ್’ ಎಂದು ಗುರುತು ಹಾಕುವುದು ಸುಲಭ. ನಮ್ಮಲ್ಲಿಯೂ ಎರಡು ಬಾರಿ ಹಾಗಾಯಿತು. ಇನ್ನೊಬ್ಬರು ಪರಿಶೀಲಿಸಿ ‘ವೆರಿಫೈಡ್’ ಎಂದು ಹಾಕುವ ಮೆಟ್ಟಿಲು ಅದರಲ್ಲಿದೆ, ನಾವು ಅದನ್ನು ಆಮೇಲೆ ಬಳಕೆಗೆ ತಂದೆವು. ಬಾಯಿಮಾತಿನಲ್ಲಿ ಒಪ್ಪಿಕೊಂಡ ಕೆಲಸವನ್ನು ಯಾರೂ ಬರೆದು ಸೇರಿಸದಿದ್ದರೆ ಯಂತ್ರಕ್ಕೆ ಅದು ತಿಳಿಯುವ ಬಗೆಯೂ ಇಲ್ಲ. ಕೆಲಸ ಬಿಟ್ಟು ಊರಿಗೆ ಹೋದ ಹುಡುಗನೊಬ್ಬನ ಹೆಸರಿನಲ್ಲಿ ಆರು ಬಾಕಿಗಳು ತಿಂಗಳುಗಟ್ಟಲೆ ಉಳಿದಿದ್ದವು. ಗೊಣಗಾಟವೆಲ್ಲ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗುತ್ತಿತ್ತು.

ಮತ್ತೊಂದು ಮಾತು. ಪಟ್ಟಿಯನ್ನು ಕೂಡಿಸಿಕೊಟ್ಟ ಆ ತರುಣರ ಸ್ವಂತ ಕಚೇರಿಯ ಪಟ್ಟಿಯಲ್ಲಿ ನೂರಕ್ಕೂ ಮಿಕ್ಕಿ ಬಾಕಿಗಳಿವೆಯಂತೆ. ಬೆಳಿಗ್ಗೆ ಅದನ್ನು ತೆರೆಯಲು ಅಂಜುತ್ತಾರೆಂದು ಅವರ ತಾಯಿ ನಮ್ಮಲ್ಲಿ ಹೇಳಿದರು. ನಮ್ಮ ಮೊಳೆಗೆ ಇಪ್ಪತ್ತು ಚೀಟಿಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ತುಂಬಿದೊಡನೆ ನಾವೇ ಸೊಂಟಕ್ಕೆ ಪಂಚೆ ಬಿಗಿದು ಒಳಗೆ ಹೋಗುತ್ತಿದ್ದೆವು. ಈ ಪಟ್ಟಿಗೆ ಅಂತಹ ತುದಿಯಿಲ್ಲ. ಮೇಲಿನವರು ಎಷ್ಟನ್ನಾದರೂ ಚುಚ್ಚುತ್ತಲೇ ಹೋಗಬಹುದು.

ಇಂದು ಬೆಳಿಗ್ಗೆ ನಮ್ಮ ಹೆಸರಿನಲ್ಲಿ ನಾಲ್ಕು ಬಾಕಿಗಳಿದ್ದವು. ಮೂರು ಸಂಜೆಯೊಳಗೆ ತೀರುತ್ತವೆ. ನಾಲ್ಕನೆಯದು ಉಪಸಂಪಾದಕರು ಬಹಳ ಹಿಂದೆಯೇ ನಮಗೆ ವಹಿಸಿದ್ದು: ‘ಸಂಪಾದಕರು ಡೊಂಬಿವಲಿಗೆ ಸ್ವತಃ ಹೋಗಿ ಆ ಮನೆಯವರನ್ನು ಕಂಡುಬರುವುದು.’ ಅದರ ಮುಂದೆ ಇನ್ನೂ ‘ಕನ್‌ಫರ್ಮ್ಡ್’ ಎಂದೇ ಇದೆ. ಈ ಭಾನುವಾರದ ಲೋಕಲ್ಲಿಗೆ ಹೊರಡುತ್ತೇವೆ.